ಸಹಾಯ ಬೇಕು: ಆರ್‌ವಿಯಲ್ಲಿ ಸಿಲ್ವರ್ಟನ್‌ಗೆ ಯಾವ ಕಡೆಯಿಂದ ಹೋಗೋದು?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ, ಆಸ್ಪೆನ್ ಮರಗಳ ಎಲೆ ಹಳದಿಯಾಗೋ ಹೊತ್ತಿಗೆ, ಡೆನ್ವರ್‌ನಿಂದ ಕೊಲರಾಡೋದ ಹಳೇ ಗಣಿ ಊರು ಸಿಲ್ವರ್ಟನ್‌ಗೆ ಹೊರಟಿದ್ದೀವಿ. 25 ಅಡಿಯ ಬಾಡಿಗೆ ಆರ್‌ವಿ, ಅಂದ್ರೆ ಒಳಗೇ ಅಡುಗೆ, ಮಲಗೋ ವ್ಯವಸ್ಥೆ ಇರೋ ಗಾಡಿ. ಮೈಸೂರಿಂದ ಬಂದಿರೋ ಅಪ್ಪ, ಅಮ್ಮನೂ ಜೊತೆಗಿರ್ತಾರೆ.

ಉತ್ತರಕ್ಕಿರೋ ಯುರೇ ಊರಿನ ಕಡೆಯಿಂದ ಹೋದರೆ ಹೈವೇ 550ರಲ್ಲಿ ರೆಡ್ ಮೌಂಟನ್ ಪಾಸ್ (ಬೆಟ್ಟ ದಾಟೋ ದಾರಿ) ದಾಟಬೇಕು, 11,018 ಅಡಿ. ಎಷ್ಟೋ ಕಡೆ ತಡೆಗೋಡೆಯೇ ಇಲ್ಲ, ಬಿಳಿ ಗೆರೆ ಮುಗಿದ ಕೂಡಲೇ ಪ್ರಪಾತ. ಆ ದಿಕ್ಕಲ್ಲಿ ಹೋಗೋರದ್ದೇ ಅಂಚಿನ ಲೇನ್ ಬೇರೆ! ಅಮ್ಮ ಆಗುಂಬೆ ಘಾಟಿಯಲ್ಲೇ ಕಣ್ಣು ಮುಚ್ಚಿ ಕೂರೋರು. ಅದಕ್ಕೇ ವುಲ್ಫ್ ಕ್ರೀಕ್ ಪಾಸ್ ಮೇಲೆ ದಕ್ಷಿಣಕ್ಕಿರೋ ಡುರಾಂಗೋ ಊರಿಗೆ ಹೋಗಿ, ಗಾಡಿ ಅಲ್ಲೇ ಕ್ಯಾಂಪ್‌ಗ್ರೌಂಡಲ್ಲಿ ನಿಲ್ಲಿಸಿ, 1882ರಲ್ಲಿ ಶುರುವಾದ ನ್ಯಾರೋಗೇಜ್ ರೈಲಲ್ಲಿ ಸಿಲ್ವರ್ಟನ್ ನೋಡಿಬರೋಣ ಅಂತ ನನ್ನ ಲೆಕ್ಕ. ನಮ್ಮ ಯಜಮಾನರಿಗೆ ಮಾತ್ರ ಸಿಲ್ವರ್ಟನ್‌ನಲ್ಲೇ ರಾತ್ರಿ ಉಳೀಬೇಕಂತೆ.

ಹೋಗಿಬಂದವರು ದಯವಿಟ್ಟು ಹೇಳಿ: ಸಿಲ್ವರ್ಟನ್‌ನ 9,318 ಅಡಿ ಎತ್ತರದಲ್ಲಿ 70 ದಾಟಿದವರಿಗೆ ನಿದ್ದೆ, ಉಸಿರಾಟ ಹೇಗಿರುತ್ತೆ? ಮೊದಲು ಡುರಾಂಗೋದಲ್ಲಿ ಎಷ್ಟು ದಿನ ಇದ್ದು ಹತ್ತೋದು ಒಳ್ಳೇದು? ರಾತ್ರಿ ಹೊರಗಿನ ನೀರಿನ ಪೈಪು ಬಿಚ್ಚಿಡಬೇಕಾ, ಹೆಪ್ಪುಗಟ್ಟುತ್ತಾ? ರಾತ್ರಿಯೆಲ್ಲ ಹೀಟರ್ ಹಾಕಿದರೆ ಗಾಡಿಯ ಪ್ರೊಪೇನ್ ಗ್ಯಾಸ್ ಎಷ್ಟು ದಿನ ಬರುತ್ತೆ? ಕುಕ್ಕರ್ ಅಂತೂ ತಗೊಂಡು ಹೋಗ್ತಿದ್ದೀವಿ, ಅಷ್ಟೆತ್ತರದಲ್ಲಿ ಬರೀ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಬೇಯೋ ಮಾತೇ ಇಲ್ಲ. ರೈಲಲ್ಲಿ ಯಾವ ಬದಿ ಸೀಟು ತಗೊಂಡರೆ ನದಿ ಚೆನ್ನಾಗಿ ಕಾಣುತ್ತೆ ಅಂತಲೂ ತಿಳಿಸಿ, ಈ ವಾರವೇ ಬುಕ್ ಮಾಡಬೇಕು.