ಟೆಸ್ಟಿಂಗ್ ಟೂಲ್‌ಗೆ ಎಕ್ಸ್‌ಟೆನ್ಶನ್: ಎಲ್ಲಿ ಹಾಕಿದಿರಿ, ಎಷ್ಟು ಹಾಕಿದಿರಿ? ಅನುಭವ ಇದ್ದವರು ಹೇಳಿ

ಬಟವಾಡಿ_ಹುಡುಗ (ತುಮಕೂರು)
ಎಲ್ಲರಿಗೂ ನಮಸ್ಕಾರ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಚಿಕ್ಕ ಟೀಮು ನಮ್ಮದು. ಭಾಷೆ ಪಿಎಚ್‌ಪಿ, ಟೆಸ್ಟಿಂಗ್‌ಗೆ ಅದರ ಟೂಲ್ ಕೋಡ್‌ಸೆಪ್ಷನ್ 5. ಟೆಸ್ಟ್ ಫೇಲ್ ಆದರೆ ಸ್ಕ್ರೀನ್‌ಶಾಟ್ ಬೇಕು, ಗ್ರೂಪಿಗೆ ಮೆಸೇಜ್ ಹೋಗಬೇಕು, ಫೇಲ್ ಆದವನ್ನು ಮಾತ್ರ ಮತ್ತೆ ಓಡಿಸುವ ಹಾಗಿರಬೇಕು. ಇದಕ್ಕೆ ಟೂಲಿಗೆ ಸೇರಿಸುವ ಎಕ್ಸ್‌ಟೆನ್ಶನ್‌ಗಳು (ಹೆಚ್ಚುವರಿ ಸೌಲಭ್ಯಗಳು) ಇವೆ: ಸ್ಟೆಪ್ಪಿಗೊಂದು ಸ್ಕ್ರೀನ್‌ಶಾಟ್ ತೆಗೆಯುವ ರೆಕಾರ್ಡರ್, ಫೇಲ್ ಆದವನ್ನು ಬರೆದಿಡುವ ರನ್‌ಫೇಲ್ಡ್. ಇವನ್ನು ಎಲ್ಲಾ ಟೆಸ್ಟ್‌ಗೂ ಸೇರಿದ ಮುಖ್ಯ ಕಾನ್ಫಿಗ್ ಫೈಲಿನಲ್ಲಿ ಹಾಕಬೇಕಾ, ಬ್ರೌಸರಿನಲ್ಲಿ ಓಡುವ ಅಕ್ಸೆಪ್ಟೆನ್ಸ್ ಸೂಟ್ (ಟೆಸ್ಟ್‌ಗಳ ಗುಂಪು) ಫೈಲಿನಲ್ಲಾ? ಮೆಸೇಜ್‌ದು ನಾವೇ ಬರೆಯಬೇಕಾ? ಟೆಸ್ಟ್ ಸರ್ವರ್‌ನಲ್ಲಿ ಡಿಸ್ಕ್ ಜಾಸ್ತಿ ಇಲ್ಲ.

ಅಂತರಗಂಗೆ (ಕೋಲಾರ)
ರೆಕಾರ್ಡರ್ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮದು ಟೊಮೇಟೊ ಮಂಡಿ ಸಾಫ್ಟ್‌ವೇರ್. ಹರಾಜಿನ ಬಿಲ್ ಟೆಸ್ಟ್ ಅಂದರೆ ಲೈನಿಗೊಂದು ರೈತ, 15 ಕೆಜಿ ಬಾಕ್ಸ್ ಲೆಕ್ಕ, ರೇಟು, ಕಮಿಷನ್, ಹಮಾಲಿ. ಒಂದೊಂದು ಫೀಲ್ಡ್ ತುಂಬಿಸುವುದೂ ಒಂದು ಸ್ಟೆಪ್ಪು, ಸ್ಟೆಪ್ಪಿಗೊಂದು ಫೋಟೋ. ಪಾಸಾದ ಟೆಸ್ಟ್‌ನ ಫೋಟೋ ಅಳಿಸುವುದು ಅದರ ಡೀಫಾಲ್ಟ್. ನಮ್ಮ ಮ್ಯಾನೇಜರ್‌ಗೆ ಕ್ಲೈಂಟ್‌ಗೆ ತೋರಿಸೋಕೆ ಎಲ್ಲವೂ ಬೇಕಿತ್ತು. ಹಾಗೆ ಅಳಿಸುವ ಸೆಟ್ಟಿಂಗ್ ಡಿಲೀಟ್ ಸಕ್ಸೆಸ್‌ಫುಲ್ ಅನ್ನು ಫಾಲ್ಸ್, ಅಂದರೆ ಆಫ್ ಮಾಡಿಸಿದರು. ಔಟ್‌ಪುಟ್ ಫೋಲ್ಡರಿನಲ್ಲಿ ರೆಕಾರ್ಡ್ ಅಂತ ಶುರುವಾಗುವ ಫೋಲ್ಡರುಗಳು ಬೆಳೆಯುತ್ತಲೇ ಹೋದವು.

ಆಮೇಲೆ ಸೀಸನ್ ಜೋರಾಗಿದ್ದಾಗಲೇ ಡಿಸ್ಕ್ ತುಂಬಿತು. ಟೆಸ್ಟ್ ಡೇಟಾಬೇಸ್ ಕೂಡ ಅದೇ ಮಷೀನಿನಲ್ಲಿ. ಅದಕ್ಕೆ ಬರೆಯೋಕೆ ಜಾಗ ಸಿಗದೆ ನಿಂತಿತು. ಹೊಸ ಹಾರ್ಡ್ ಡಿಸ್ಕ್‌ಗೆ ₹4,500, ಹಾಕಿಕೊಟ್ಟವನಿಗೆ ₹600, ರಾತ್ರಿಯೆಲ್ಲಾ ಹಳೇ ಡೇಟಾ ಕಾಪಿ ಮಾಡಿದ್ದು ನಾನು. ಆ ₹600 ಇವತ್ತಿಗೂ ಆಫೀಸಿನಿಂದ ಬಂದಿಲ್ಲ.

ಮುಖ್ಯ ಫೈಲಿನಲ್ಲಿ ಇದ್ದುದರಿಂದ ಯುನಿಟ್ ಟೆಸ್ಟ್ (ಕೋಡಿನ ಚಿಕ್ಕ ಭಾಗದ ಟೆಸ್ಟ್) ಓಡಿಸಿದರೂ ರೆಕಾರ್ಡರ್ ಎದ್ದು ಬರುತ್ತಿತ್ತು. ಅಲ್ಲಿ ಬ್ರೌಸರ್ ನಡೆಸುವ ವೆಬ್‌ಡ್ರೈವರ್ ಇಲ್ಲ, ಫೋಟೋ ತೆಗೆಯೋಕೆ ಬ್ರೌಸರೇ ಇಲ್ಲ. ಸುಮ್ನೆ ಒಂದು ಮೆಸೇಜ್ ಕಕ್ಕಿ ಕೂರುತ್ತಿತ್ತು.

ನಂದಿಬೆಟ್ಟ_ಜಾವಾ (ಶಿಡ್ಲಘಟ್ಟ)
ನಾವು ಜಾವಾದ ಟೆಸ್ಟಿಂಗ್ ಟೂಲ್ ಜೆಯುನಿಟ್ 5ಕ್ಕೆ ಬಂದ ಮೇಲೆ ನೆಮ್ಮದಿಯಾಗಿದ್ದೇವೆ. ಹಳೇ ಜೆಯುನಿಟ್ 4ರಲ್ಲಿ ಕ್ಲಾಸಿಗೆ (ಕೋಡಿನ ಒಂದು ಘಟಕಕ್ಕೆ) ಒಂದೇ ರನ್‌ವಿತ್, ಅಂದರೆ ಟೆಸ್ಟ್ ಓಡಿಸುವ ರನ್ನರ್ ಒಂದೇ. ಸ್ಪ್ರಿಂಗ್ ರನ್ನರ್ ಹಾಕಿದರೆ ಮಾಕಿಟೊ ರನ್ನರ್ ಹಾಕೋ ಹಾಗಿಲ್ಲ. 5ರಲ್ಲಿ ಎಕ್ಸ್‌ಟೆಂಡ್‌ವಿತ್ ಬಂತು, ಎಕ್ಸ್‌ಟೆನ್ಶನ್ ಎಷ್ಟು ಬೇಕಾದರೂ ಹಾಕಿ.

ಆದರೆ ಎಕ್ಸ್‌ಟೆನ್ಶನ್ ಸೇರಿಸುವ ಇನ್ನೊಂದು ದಾರಿ ರಿಜಿಸ್ಟರ್‌ಎಕ್ಸ್‌ಟೆನ್ಶನ್ ನಮ್ಮನ್ನು ಸರಿಯಾಗಿ ಸತಾಯಿಸಿತು. ಡೇಟಾಬೇಸ್ ಎಬ್ಬಿಸುವ ಎಕ್ಸ್‌ಟೆನ್ಶನ್ ಅನ್ನು ಫೀಲ್ಡ್ (ಕ್ಲಾಸಿನೊಳಗಿನ ವೇರಿಯಬಲ್) ಆಗಿ ಬರೆದಿದ್ದರು, ಸ್ಟ್ಯಾಟಿಕ್ (ಇಡೀ ಕ್ಲಾಸಿಗೆ ಒಂದೇ) ಅಂತ ಹಾಕಿರಲಿಲ್ಲ. ಎಲ್ಲಾ ಟೆಸ್ಟ್‌ಗೂ ಮೊದಲು ಒಂದು ಸಲ ಓಡಬೇಕಾದ ಬಿಫೋರ್‌ಆಲ್ ಓಡಲೇ ಇಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಒಂದೊಂದು ಟೆಸ್ಟ್‌ಗೂ ಮೊದಲು ಬರುವ ಬಿಫೋರ್‌ಈಚ್ ಮಾತ್ರ ಓಡುತ್ತಿತ್ತು. ಡೇಟಾಬೇಸ್ ಟೀಮಿನವರಿಗೂ ನಮಗೂ ಜಗಳವಾಗಿ ಮಾತು ಬಿಡುವ ಹಂತಕ್ಕೆ ಹೋಯಿತು. ಸ್ಟ್ಯಾಟಿಕ್ ಅಂತ ಸೇರಿಸಿದೆ, ಸರಿಹೋಯಿತು. ಮೆಟಾ-ಇನ್ಫ್ ಸರ್ವಿಸಸ್ ಫೋಲ್ಡರಿನಲ್ಲಿ ಎಕ್ಸ್‌ಟೆನ್ಶನ್ ಹೆಸರು ಬರೆದು, ತಾನಾಗಿ ಹುಡುಕಿಕೊಳ್ಳುವ ಆಟೋ ಡಿಟೆಕ್ಷನ್ ನಂಬಿ ಕೂತವರಿಗೂ ಹೇಳುತ್ತೇನೆ: ಅದು ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಪ್ರಾಪರ್ಟಿ ಫೈಲಿನಲ್ಲಿ ಟ್ರೂ ಮಾಡಬೇಕು.

ಅಂತರಗಂಗೆ (ಕೋಲಾರ)
ಸ್ವಾಮಿ, ಅವರು ಕೇಳಿದ್ದು ಪಿಎಚ್‌ಪಿ. ಜಾವಾ ಪುರಾಣ ಯಾಕೆ ಇಲ್ಲಿ?

ನಂದಿಬೆಟ್ಟ_ಜಾವಾ (ಶಿಡ್ಲಘಟ್ಟ)
ನಿಮ್ಮ ₹600 ಪುರಾಣಕ್ಕಿಂತ ಪರವಾಗಿಲ್ಲ. ಎಕ್ಸ್‌ಟೆನ್ಶನ್ ಯಾವ ಮಟ್ಟದಲ್ಲಿ ಕೂರಬೇಕು ಅನ್ನೋದು ಎಲ್ಲಾ ಟೂಲಿನಲ್ಲೂ ಒಂದೇ ಪ್ರಶ್ನೆ. ಓದಿ ನೋಡಿ.

ಕಲ್ಪತರು_ಅಕ್ಕ (ತಿಪಟೂರು)
ಮೆಸೇಜ್ ಕಳಿಸುವ ಎಕ್ಸ್‌ಟೆನ್ಶನ್ ನಾನೇ ಬರೆದಿದ್ದೇನೆ. ಕೊಬ್ಬರಿ ಮಂಡಿ ಬಿಲ್ಲಿಂಗ್‌ನಲ್ಲಿ ಇವತ್ತಿಗೂ ಓಡುತ್ತಿದೆ. ಯಾರ ಸಹಾಯವೂ ಇರಲಿಲ್ಲ. ಮೊದಲು ಟೆಸ್ಟ್ ಫೇಲ್ ಈವೆಂಟಿಗೆ ಕಟ್ಟಿದ್ದೆವು. ಲಾಗಿನ್ ಪೇಜ್ ಕೆಟ್ಟ ದಿನ ಎಲ್ಲಾ ಟೆಸ್ಟೂ ಫೇಲ್, ಟೆಸ್ಟಿಗೊಂದು ಮೆಸೇಜು. ಗ್ರೂಪಿನಲ್ಲಿದ್ದವರೆಲ್ಲಾ ಮ್ಯೂಟ್ ಮಾಡಿಕೊಂಡರು. ಈಗ ಫೇಲ್ ಆದ ಹೆಸರುಗಳನ್ನು ಒಂದು ಲಿಸ್ಟಿಗೆ ಸೇರಿಸಿಕೊಂಡು, ಸೂಟ್ ಮುಗಿದಾಗ ಒಂದೇ ಮೆಸೇಜ್ ಕಳಿಸುತ್ತೇನೆ.

ಎರಡು ಕಡೆ ಒದ್ದಾಡಿದೆವು. ಕೋಡ್‌ಸೆಪ್ಷನ್ 4ರಿಂದ 5ಕ್ಕೆ ಹೋದಾಗ ಪಿಎಚ್‌ಪಿ 8 ಬೇಕಾಯಿತು. ನಮ್ಮ ಹೋಸ್ಟಿಂಗ್‌ನವರು ಅದಕ್ಕೆ ಬೇರೆ ಪ್ಲಾನ್ ತೆಗೆದುಕೊಳ್ಳಿ ಅಂದರು. ಹೋದ ಮೇಲೆ ನೋಡಿದರೆ ಎಕ್ಸ್‌ಟೆನ್ಶನ್ನೇ ಏಳಲಿಲ್ಲ. ಅದರೊಳಗೆ ಕಾನ್ಫಿಗ್ ವೇರಿಯಬಲ್‌ಗೆ ಟೈಪ್ (ಯಾವ ಬಗೆಯ ಮಾಹಿತಿ ಅನ್ನೋದು) ಕೊಟ್ಟಿರಲಿಲ್ಲ, 5ರ ಮೂಲ ಕ್ಲಾಸಿನಲ್ಲಿ ಅರೇ ಅಂತ ಟೈಪ್ ಬಂದಿದೆ. ಪಿಎಚ್‌ಪಿ ಒಪ್ಪಲಿಲ್ಲ. ಇನ್ನೊಂದು ಯಾಮಲ್ ಫೈಲಿನದು, ಅಂದರೆ ಸೆಟ್ಟಿಂಗ್ ಬರೆಯುವ ಕಾನ್ಫಿಗ್ ಫೈಲಿನದು. ಹೊಸ ಹುಡುಗನೊಬ್ಬ ಕ್ಲಾಸಿನ ಪೂರ್ತಿ ಹೆಸರನ್ನು ಡಬಲ್ ಕೋಟ್ಸ್ ಒಳಗೆ ಬರೆದಿದ್ದ. ಡಬಲ್ ಕೋಟ್ಸ್ ಒಳಗೆ ಬ್ಯಾಕ್‌ಸ್ಲ್ಯಾಶ್ ಬಂದರೆ ಅದಕ್ಕೆ ಬೇರೆ ಅರ್ಥ. ಕೋಡ್‌ಸೆಪ್ಷನ್ ಪಕ್ಕದ ಸ್ಲ್ಯಾಶ್, ಎಕ್ಸ್‌ಟೆನ್ಶನ್‌ನ ದೊಡ್ಡ 'ಇ' ಅಕ್ಷರ ಸೇರಿ ಯಾಮಲ್‌ಗೆ ಗೊತ್ತಿಲ್ಲದ ಚಿಹ್ನೆ ಆಯಿತು, ಫೈಲೇ ಓದಲಿಲ್ಲ. ಕೋಟ್ಸ್ ತೆಗೆದರೆ ಸಾಕು. ಟ್ಯಾಬ್ ಒತ್ತಿ ಇಂಡೆಂಟ್ ಮಾಡಿದರೂ ಓದುವುದಿಲ್ಲ, ಸ್ಪೇಸ್‌ನಲ್ಲೇ ಸರಿಸಬೇಕು.

ಸ್ಕ್ರೀನ್‌ಶಾಟ್‌ಗೆ ರೆಕಾರ್ಡರ್ ಹಚ್ಚಿಲ್ಲ ನಾನು. ವೆಬ್‌ಡ್ರೈವರ್ ಮಾಡ್ಯೂಲೇ ಟೆಸ್ಟ್ ಫೇಲ್ ಆದಾಗ ಒಂದು ಫೋಟೋ, ಒಂದು ಎಚ್‌ಟಿಎಂಎಲ್ ಔಟ್‌ಪುಟ್ ಫೋಲ್ಡರಿಗೆ ಹಾಕುತ್ತದೆ.

ಗೌರಿಬಿದನೂರು_ಪೈ
ಪೈಥಾನ್‌ನ ಟೆಸ್ಟಿಂಗ್ ಟೂಲ್ ಪೈಟೆಸ್ಟ್‌ಗೆ ಬನ್ನಿ. ಫೇಲ್ ಆದವನ್ನು ಮತ್ತೆ ಓಡಿಸೋಕೆ ಲಾಸ್ಟ್ ಫೇಲ್ಡ್ ಆಪ್ಷನ್ ಒಳಗೇ ಇದೆ. ನಾನು ರೀರನ್‌ಫೇಲ್ಯೂರ್ಸ್ ಪ್ಲಗಿನ್ ಕೂಡ ಹಾಕಿದ್ದೇನೆ. ಟೆಸ್ಟ್ ಫೇಲ್ ಆದರೆ ಅದೇ ತಾನಾಗಿ ಇನ್ನೆರಡು ಸಲ ಓಡಿಸುತ್ತದೆ. ಇಲ್ಲಿ ಮಳೆ ಬಂದರೆ ನೆಟ್ ಹೋಗುತ್ತದೆ. ರೀರನ್ ಇಲ್ಲದಿದ್ದರೆ ದಿನಾ ಬೆಳಿಗ್ಗೆ ರಿಪೋರ್ಟ್ ಕೆಂಪು.

ನನ್ನ ದುಡ್ಡು, ಟೈಮು ತಿಂದದ್ದು ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸುವ ಎಕ್ಸ್‌ಡಿಸ್ಟ್ ಪ್ಲಗಿನ್. ನಾಲ್ಕು ವರ್ಕರ್ (ಒಟ್ಟಿಗೆ ಓಡುವ ಪ್ರೋಸೆಸ್) ಹಾಕಿದೆವು. ಟೆಸ್ಟ್‌ಗೆ ಬೇಕಾದ್ದನ್ನು ಮೊದಲೇ ಸಿದ್ಧ ಮಾಡುವ ಸೆಷನ್ ಫಿಕ್ಸ್ಚರ್ ಒಂದೇ ಸಲ ಓಡುತ್ತದೆ ಅಂತ ಇಡೀ ಟೀಮಿನ ನಂಬಿಕೆ. ಅದು ವರ್ಕರ್‌ಗೆ ಒಂದು ಸಲ ಓಡುತ್ತದೆ. ನಾಲ್ಕೂ ಸೇರಿ ಒಂದೇ ಹೆಸರಿನ ಡೇಟಾಬೇಸ್ ಕಟ್ಟೋಕೆ ಹೋಗಿ ಗುದ್ದಾಡಿದವು. ಒಂದು ಸಲಕ್ಕೆ ಒಂದೇ ವರ್ಕರ್ ಕಟ್ಟುವ ಹಾಗೆ ಫೈಲ್ ಲಾಕ್ ಹಾಕಿದ ಮೇಲೆ ನಿಂತಿತು. ಅಷ್ಟರಲ್ಲಿ ಟೆಸ್ಟ್ ಓಡಿಸೋಕೆ ಗಿಟ್‌ಹಬ್ ಕೊಡುವ ಉಚಿತ 2,000 ನಿಮಿಷ ತಿಂಗಳ ಅರ್ಧಕ್ಕೇ ಖಾಲಿ.

ಕಲ್ಪತರು_ಅಕ್ಕ (ತಿಪಟೂರು)
ತಾನಾಗಿ ರೀರನ್ ಮಾಡಿಸುವುದು ದೊಡ್ಡ ತಪ್ಪು ತಮ್ಮಾ. ನಮ್ಮಲ್ಲೂ ಒಂದು ಟೆಸ್ಟ್ ಅಪರೂಪಕ್ಕೆ ಫೇಲ್ ಆಗುತ್ತಿತ್ತು, ಮತ್ತೆ ಓಡಿಸಿದರೆ ಹಸಿರು. ನೆಟ್ ಸಮಸ್ಯೆ ಅಂತ ಎಲ್ಲರೂ ಬಿಟ್ಟರು. ನಾನು ಬಿಡಲಿಲ್ಲ. ಇಬ್ಬರು ಒಂದೇ ಹೊತ್ತಿಗೆ ಬಿಲ್ ಹಾಕಿದರೆ ಇಬ್ಬರಿಗೂ ಒಂದೇ ಬಿಲ್ ನಂಬರ್ ಹೋಗುತ್ತಿತ್ತು. ಕೊಬ್ಬರಿ ಮಾರಿದ ರೈತನ ದುಡ್ಡು ಇನ್ನೊಬ್ಬರ ಖಾತೆಯಲ್ಲಿ ತೋರಿಸಿದರೆ ಯಾರು ಹೊಣೆ?

ಗೌರಿಬಿದನೂರು_ಪೈ
ಅಕ್ಕಾ, ಎಲ್ಲರ ಫೇಲೂ ನಿಮ್ಮ ಬಿಲ್ ನಂಬರ್ ಅಲ್ಲ. ನನ್ನ ಲಾಗ್‌ನಲ್ಲಿ ಕನೆಕ್ಷನ್ ಟೈಮ್‌ಔಟ್ ಅಂತ ಸ್ಪಷ್ಟವಾಗಿ ಇದೆ.

ಕಲ್ಪತರು_ಅಕ್ಕ (ತಿಪಟೂರು)
ಹಾಗಿದ್ದರೆ ಆ ಎರರ್‌ಗೆ ಮಾತ್ರ ರೀರನ್ ಹಾಕಿ. ಯಾವ ಎರರ್‌ಗೆ ಅಂತ ಹೇಳುವ ಆಪ್ಷನ್ ನಿಮ್ಮ ಪ್ಲಗಿನ್‌ನಲ್ಲೇ ಇದೆ. ಎಲ್ಲಕ್ಕೂ ಹಾಕಿ ಹಸಿರು ತೋರಿಸಬೇಡಿ.

ಅಂತರಗಂಗೆ (ಕೋಲಾರ)
ಮೊದಲು ಕರೆಂಟ್ ಸರಿ ಇರಲಿ. ಊರಲ್ಲಿ ಕೂತು ಟೆಸ್ಟ್ ಓಡಿಸುವವರ ಕಷ್ಟ ಬೇರೆ. ನನ್ನ ಇನ್ವರ್ಟರ್ ಬ್ಯಾಟರಿಗೇ ₹15,000 ಆಯಿತು.

ನಂದಿಬೆಟ್ಟ_ಜಾವಾ (ಶಿಡ್ಲಘಟ್ಟ)
ಕ್ಲೌಡ್‌ನಲ್ಲಿ ಓಡಿಸಿ ಸಾರ್. 2026ರಲ್ಲೂ ಮನೆ ಮಷೀನಿನಲ್ಲಿ ಓಡಿಸಿ ಕರೆಂಟ್ ಬೈದರೆ ಏನು ಬಂತು?

ಅಂತರಗಂಗೆ (ಕೋಲಾರ)
ಕ್ಲೌಡ್ ಬಿಲ್ ನೀವು ಕಟ್ಟುತ್ತೀರಾ? ಕಂಪನಿ ಕ್ರೆಡಿಟ್ ಕಾರ್ಡ್ ಇರುವವರಿಗೆ ಈ ಮಾತು ಸುಲಭ. ನಾವು ಮಂಡಿಯವರ ಹತ್ತಿರ ವರ್ಷದ ದುಡ್ಡು ವಸೂಲು ಮಾಡೋಕೇ ಅಲೆಯುತ್ತೇವೆ.

ಬಟವಾಡಿ_ಹುಡುಗ (ತುಮಕೂರು)
ದಯವಿಟ್ಟು ಜಗಳ ಬೇಡ. ಅಕ್ಕ ಹೇಳಿದ ಮೇಲೆ ಔಟ್‌ಪುಟ್ ಫೋಲ್ಡರ್ ತೆಗೆದು ನೋಡಿದೆ. ಫೇಲ್ ಆದ ಟೆಸ್ಟ್‌ನ ಪಿಎನ್‌ಜಿ ಆಗಲೇ ಇದೆ! ರೆಕಾರ್ಡರ್ ಹಾಕುವುದಿಲ್ಲ. ಮೆಸೇಜ್‌ದು ಅಕ್ಸೆಪ್ಟೆನ್ಸ್ ಸೂಟ್ ಫೈಲಿಗೆ, ರನ್‌ಫೇಲ್ಡ್ ಮುಖ್ಯ ಫೈಲಿಗೆ. ಒಂದೇ ತೊಂದರೆ: ಸಿಐನಲ್ಲಿ (ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಎರಡನೇ ಸಲ ಫೇಲ್ಡ್ ಗ್ರೂಪ್, ಅಂದರೆ ಫೇಲ್ ಆದ ಟೆಸ್ಟ್‌ಗಳನ್ನು ಓಡಿಸಿದರೆ ಹಿಂದಿನ ಲಿಸ್ಟೇ ಸಿಗುತ್ತಿಲ್ಲ.

ಕಲ್ಪತರು_ಅಕ್ಕ (ತಿಪಟೂರು)
ಆ ಲಿಸ್ಟ್ ಔಟ್‌ಪುಟ್ ಫೋಲ್ಡರಿನ ಫೇಲ್ಡ್ ಅನ್ನೋ ಫೈಲಿನಲ್ಲಿ ಇರುತ್ತದೆ. ಸಿಐ ಪ್ರತಿ ಸಲ ಹೊಸ ಮಷೀನ್ ಕೊಟ್ಟರೆ ಫೈಲೂ ಹೋಗುತ್ತದೆ. ಸಿಐನ ಕ್ಯಾಶ್‌ನಲ್ಲಿ (ಮುಂದಿನ ಸಲಕ್ಕೆ ಫೈಲ್ ತೆಗೆದಿಡುವ ಜಾಗ) ಉಳಿಸಿಕೊಂಡು, ಮುಂದಿನ ಸಲ ಓಡಿಸುವ ಮೊದಲು ಅದೇ ಜಾಗಕ್ಕೆ ಹಾಕಿ. ಸೂಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸುತ್ತೀರಾದರೆ ಫೇಲ್-ಗ್ರೂಪ್ ಸೆಟ್ಟಿಂಗ್‌ನಲ್ಲಿ ಒಂದೊಂದಕ್ಕೂ ಬೇರೆ ಹೆಸರು ಕೊಡಿ, ಇಲ್ಲದಿದ್ದರೆ ಒಂದರ ಲಿಸ್ಟ್ ಮೇಲೆ ಇನ್ನೊಂದು ಬರೆಯುತ್ತದೆ.

ಗೌರಿಬಿದನೂರು_ಪೈ
ಪೈಟೆಸ್ಟ್‌ನಲ್ಲೂ ಲಾಸ್ಟ್ ಫೇಲ್ಡ್ ಲಿಸ್ಟ್ ಕ್ಯಾಶ್ ಫೋಲ್ಡರಿನಲ್ಲೇ ಇರೋದು. ಅದನ್ನೂ ಉಳಿಸಿಕೊಳ್ಳಬೇಕು. ರೀರನ್ ವಿಷಯದಲ್ಲಿ ಮಾತ್ರ ನಾನು ಅಕ್ಕನ ಮಾತು ಒಪ್ಪಿಲ್ಲ.