ಅಪ್‌ಡೇಟ್: ಕೊನೆಗೆ 1911 ಮಾದರಿಯ ಏರ್ ಪಿಸ್ತೂಲು

ಕಡಿಮೆ ಬಜೆಟ್‌ನಲ್ಲಿ ಮೊದಲ ಸಲ ಕೊಳ್ಳಲು 1911 ಮಾದರಿಯ (ಅಮೆರಿಕ ಸೇನೆಯ ಹಳೆಯ ಕೋಲ್ಟ್ ಪಿಸ್ತೂಲಿನ ವಿನ್ಯಾಸ) ಯಾವ ಪಿಸ್ತೂಲು ಒಳ್ಳೆಯದು ಎಂದು ಕೇಳಿದ್ದೆ. ಅದರ ಮೂಲ ಅಳತೆಯಾದ .45 ಇಂಚು ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ); .32ಕ್ಕೆ ಲೈಸೆನ್ಸ್ ಬೇಕು, ಬೆಲೆಯೂ ಲಕ್ಷ ಮುಟ್ಟುತ್ತದೆ. ಹಾಗಾಗಿ 4.5 ಎಂಎಂ ಸಿಒ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬ್ಲೋಬ್ಯಾಕ್ ಏರ್ ಪಿಸ್ತೂಲೇ ಸರಿ ಅನ್ನಿಸಿತು. ಹೊಡೆದಾಗ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದೆ ಸರಿಯುವುದೇ ಇದರ ಸೊಗಸು, ಆದರೆ ಅದಕ್ಕೂ ಗ್ಯಾಸ್ ಬೇಕಾದ್ದರಿಂದ ಬೇಗ ಮುಗಿಯುತ್ತದೆ.

ಚಿಕ್ಕಮಗಳೂರಿನ ಚಳಿಗೆ ಒಂದು ಮಾತು: ಸಿಒ2 ಒತ್ತಡ 30 ಡಿಗ್ರಿಯಲ್ಲಿ ಸುಮಾರು 72 ಬಾರ್, 15 ಡಿಗ್ರಿಯಲ್ಲಿ 51 ಮಾತ್ರ. ಡಿಸೆಂಬರ್ ಬೆಳಗ್ಗೆ ಗುಂಡು ಗುರಿಗಿಂತ ಕೆಳಗೆ ಬೀಳುವುದು ಅದಕ್ಕೇ. ಬಿಸಿಲೇರಿದ ಮೇಲೆ ಹೊಡೆಯಿರಿ. 12 ಗ್ರಾಂ ಗ್ಯಾಸ್ ಕ್ಯಾಪ್ಸೂಲಿನ ಮೂತಿಗೆ ಒಂದು ಹನಿ ಸಿಲಿಕೋನ್ ಎಣ್ಣೆ ಹಾಕಿ, ಸೀಲ್ ಸೋರದು. ಸ್ಟೀಲ್ ಗುಂಡು ಪುಟಿದು ಬರುತ್ತದೆ, ರಕ್ಷಣಾ ಕನ್ನಡಕ ಕಡ್ಡಾಯ.