ಓದದೇ ಇರುವ ಪೇಪರನ್ನು ರೆಫರೆನ್ಸ್‌ನಲ್ಲಿ ಹಾಕಬಹುದಾ? ಗೈಡ್ ಕೈಗೆ ಸಿಕ್ಕಿಬಿದ್ದಿದ್ದೇನೆ

ನಿದ್ದೆಗೆಟ್ಟ ಪಿಜಿ:

ದಾವಣಗೆರೆಯಲ್ಲಿ ಕಮ್ಯುನಿಟಿ ಮೆಡಿಸಿನ್ ಎರಡನೇ ವರ್ಷದ ಪಿಜಿ ನಾನು. ಥೀಸಿಸ್ ವಿಷಯ ಜಗಳೂರು ತಾಲ್ಲೂಕಿನ ಶಾಲಾ ಮಕ್ಕಳಲ್ಲಿ ಹಲ್ಲಿನ ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕೆಡುವ ತೊಂದರೆ. ನಮ್ಮೂರು ಮೊಳಕಾಲ್ಮೂರು ಕಡೆ. ಕಂದು ಹಲ್ಲು ಅಂದರೆ ನನಗೆ ಪುಸ್ತಕದಲ್ಲಿ ಕಲಿತದ್ದಲ್ಲ, ನಮ್ಮ ಸೋದರಮಾವನ ನಗು ನೆನಪಾಗುತ್ತದೆ. ಡೇಟಾ ಕೆಲಸ ಮುಗಿದಿದೆ. ಎಡವಿದ್ದು ರಿವ್ಯೂ ಆಫ್ ಲಿಟರೇಚರ್‌ನಲ್ಲಿ, ಅಂದರೆ ಹಿಂದಿನವರ ಅಧ್ಯಯನಗಳ ಬಗ್ಗೆ ಬರೆಯುವ ಅಧ್ಯಾಯದಲ್ಲಿ.

ಸೀನಿಯರ್ ಒಬ್ಬರ ಹಳೇ ಥೀಸಿಸ್ ಪಕ್ಕದಲ್ಲಿಟ್ಟುಕೊಂಡು ಬರೆದೆ, ಸುಳ್ಳು ಯಾಕೆ ಹೇಳಲಿ. ಅದರಲ್ಲಿ ‘ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ತಮಿಳುನಾಡಿನಲ್ಲಿ, ಶಾರ್ಟ್ ಮತ್ತು ಸಂಗಡಿಗರಿಂದ’ ಅಂತ ಇತ್ತು. ವಾಕ್ಯ ನನ್ನದು ಮಾಡಿಕೊಂಡು ರೆಫರೆನ್ಸ್ ನಂಬರ್ ಹಾಕಿದೆ. ಗೈಡ್ ಅದರ ಕೆಳಗೆ ಕೆಂಪು ಗೆರೆ ಎಳೆದು ‘ಈ ಪೇಪರ್ ತಂದು ತೋರಿಸು’ ಅಂದರು. ನನ್ನ ಹತ್ತಿರ ಇಲ್ಲ. ಸೀನಿಯರ್‌ಗೆ ಫೋನ್ ಮಾಡಿದರೆ ಅವರ ಹತ್ತಿರವೂ ಇಲ್ಲ, ಅವರು ಇನ್ಯಾವುದೋ ಪೇಪರ್‌ನಿಂದ ಎತ್ತಿದ್ದರಂತೆ, ಆ ಪೇಪರ್‌ನವರು ಎಲ್ಲಿಂದ ಎತ್ತಿದರೋ ದೇವರೇ ಬಲ್ಲ.

ಆಮೇಲೆ ಹಾಸ್ಟೆಲ್‌ನಲ್ಲಿ ಕೂತು ಎಣಿಸಿದೆ. ನನ್ನ 84 ರೆಫರೆನ್ಸ್‌ಗಳಲ್ಲಿ ಪೂರ್ತಿ ಓದಿದ್ದು 19. ಒಂದಷ್ಟರದ್ದು ಅಬ್‌ಸ್ಟ್ರಾಕ್ಟ್ (ಸಾರಾಂಶ) ಮಾತ್ರ. ಉಳಿದದ್ದೆಲ್ಲ ಮಕ್ಕಿಕಾಮಕ್ಕಿ.

ಎಲ್ಲರೂ ಹೀಗೇ ಮಾಡುತ್ತಾರೆ ಅಲ್ವಾ? ನಿಜವಾಗಲೂ ಅಷ್ಟು ದೊಡ್ಡ ತಪ್ಪಾ ಇದು? 1937ರ ಪೇಪರ್ ಈಗ ಎಲ್ಲಿಂದ ತರಲಿ? ಎಐಗೆ ಕೇಳಿದರೆ ಐದು ನಿಮಿಷದಲ್ಲಿ 20 ಹೊಸ ರೆಫರೆನ್ಸ್ ಕೊಟ್ಟಿತು, ಅದನ್ನು ಹಾಕಿ ಮುಗಿಸಿಬಿಡಲಾ?

ಕೆಂಪು ಪೆನ್ನು:

ಮೊದಲು ನಿಮ್ಮ ಗೈಡ್‌ಗೆ ಒಂದು ಬೆಣ್ಣೆ ದೋಸೆ ಕೊಡಿಸಿ. ರಿವ್ಯೂ ಅಧ್ಯಾಯವನ್ನು ಪೂರ್ತಿ ಓದುವ ಗೈಡ್ ಸಿಗುವುದು ಅಪರೂಪ. ನಾನೂ ಹದಿನೈದು ವರ್ಷ ಥೀಸಿಸ್ ತಿದ್ದಿದ್ದೇನೆ, ಎಲ್ಲವನ್ನೂ ಅಷ್ಟು ನಿಗಾ ಇಟ್ಟು ಓದಿದ್ದೇನೆ ಅಂತ ಎದೆ ತಟ್ಟಿ ಹೇಳಲಾರೆ.

ಈಗ ನಿಮ್ಮ 1937. ಆ ವರ್ಷ ಶಾರ್ಟ್ ಅವರ ಹೆಸರು ಮೊದಲಿಗೆ ಇರುವ ಪೇಪರ್ ಒಂದಲ್ಲ, ಎರಡಿವೆ. ಒಂದು ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ, ನೆಲ್ಲೂರು ಜಿಲ್ಲೆಯ ಬಗ್ಗೆ. ಇನ್ನೊಂದು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ, ಮದ್ರಾಸ್ ಪ್ರೆಸಿಡೆನ್ಸಿಯ ಬಗ್ಗೆ. ಜೊತೆಗೆ ಬರೆದವರ ಹೆಸರುಗಳೂ ಎರಡರಲ್ಲಿ ಬೇರೆ ಬೇರೆ. ನೀವು ಹಾಕಿದ್ದು ಯಾವುದು? ನಿಮಗೇ ಗೊತ್ತಿಲ್ಲ. ‘ತಮಿಳುನಾಡು’ ಎಲ್ಲಿಂದ ಬಂತು ಅಂತ ಮಾತ್ರ ನಾನು ಊಹಿಸಬಲ್ಲೆ. ಮದ್ರಾಸ್ ಅನ್ನುವ ಹೆಸರು ನೋಡಿದ ಕೂಡಲೇ ಯಾರೋ ಅದನ್ನು ತಮಿಳುನಾಡು ಮಾಡಿದ್ದಾರೆ. ನೆಲ್ಲೂರು ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಈಗ ಆಂಧ್ರದಲ್ಲಿದೆ. ನಮ್ಮ ಬಳ್ಳಾರಿಯೂ ಆಗ ಮದ್ರಾಸ್‌ಗೇ ಸೇರಿತ್ತು, ಅದನ್ನೂ ತಮಿಳುನಾಡು ಅನ್ನುತ್ತೀರಾ? ಒಬ್ಬರು ತಪ್ಪಿದರು, ಹಿಂದೆ ಬಂದವರೆಲ್ಲ ಕುರಿಮಂದೆಯ ಹಾಗೆ ಅದೇ ಹಳ್ಳಕ್ಕೆ ಬಿದ್ದರು.

ಇದು ಸಣ್ಣದು ಅನ್ನಿಸಿದರೆ ದೊಡ್ಡದು ಕೇಳಿ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಅನ್ನುವವರ ಒಂದು ಪತ್ರ ಬಂತು. ಐದೇ ವಾಕ್ಯ. ಆಸ್ಪತ್ರೆಯಲ್ಲಿದ್ದಾಗ ಅಫೀಮು ಜಾತಿಯ ನೋವಿನ ಔಷಧಿ ಪಡೆದ 11,882 ರೋಗಿಗಳಲ್ಲಿ ಚಟ ಹತ್ತಿದ್ದು ನಾಲ್ಕು ಜನರಿಗೆ ಮಾತ್ರ ಅಂತ. ಗಮನಿಸಿ, ಆಸ್ಪತ್ರೆಯಲ್ಲಿ ದಾಖಲಾಗಿದ್ದವರು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅಲ್ಲಿ ಒಂದಕ್ಷರ ಇಲ್ಲ. 2017ರಲ್ಲಿ ಕೆನಡಾದ ಕೆಲವರು ಈ ಪತ್ರವನ್ನು ಯಾರ್ಯಾರು ಹೇಗೆ ಬಳಸಿದ್ದಾರೆ ಅಂತ ಹುಡುಕಿದರು. 608 ಕಡೆ ಉಲ್ಲೇಖ ಆಗಿತ್ತು. ಶೇ 72ರಷ್ಟು ಜನ ‘ಚಟ ಹತ್ತುವುದು ಅಪರೂಪ’ ಅನ್ನುವುದಕ್ಕೆ ಇದನ್ನೇ ಸಾಕ್ಷಿ ಮಾಡಿಕೊಂಡಿದ್ದರು. ಅದು ಆಸ್ಪತ್ರೆಯ ರೋಗಿಗಳ ಲೆಕ್ಕ ಅನ್ನುವುದನ್ನೇ ಶೇ 80ಕ್ಕೂ ಜಾಸ್ತಿ ಲೇಖಕರು ಬಿಟ್ಟಿದ್ದರು. ಐದು ವಾಕ್ಯ ಓದುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಅಮೆರಿಕದಲ್ಲಿ ಆ ಮಾತ್ರೆಗಳ ಚಟಕ್ಕೆ ಎಷ್ಟು ಜನ ಬಲಿಯಾದರು ಅಂತ ಎಲ್ಲರಿಗೂ ಗೊತ್ತು.

ಮೂಲ ಎಷ್ಟು ಹುಡುಕಿದರೂ ಸಿಗದಿದ್ದರೆ, ‘ಶಾರ್ಟ್ ಹೀಗೆ ಹೇಳಿದ್ದಾರೆಂದು ಇಂಥವರು ಬರೆದಿದ್ದಾರೆ’ ಅಂತ ಬರೆದು ನೀವು ಓದಿದ ಪೇಪರ್‌ಗೇ ನಂಬರ್ ಕೊಡಿ. ಅದರಲ್ಲಿ ಅವಮಾನ ಏನಿಲ್ಲ. ಇಡೀ ಥೀಸಿಸ್‌ನಲ್ಲಿ ಅಂಥವು ಒಂದೆರಡು ಇರಬಹುದು, 65 ಅಲ್ಲ.

ಹೆಸರಲ್ಲೇನಿದೆ:

ಪ್ರಾಕ್ಟಿಕಲ್ ಆಗಿ ಮಾತಾಡೋಣ ಸಾರ್. ಥೀಸಿಸ್ ಯಾರು ಓದುತ್ತಾರೆ? ಎಕ್ಸಾಮಿನರ್ ನೋಡುವುದು ಟೇಬಲ್ಲು, ಗ್ರಾಫು, ಬೈಂಡಿಂಗು. ಆಮೇಲೆ ಲೈಬ್ರರಿಯಲ್ಲಿ ಧೂಳು ತಿನ್ನುತ್ತದೆ. ಪಿಜಿಗೆ ನೈಟ್ ಡ್ಯೂಟಿ ಮುಗಿಸಿ ಮಲಗುವುದಕ್ಕೇ ಟೈಮಿಲ್ಲ.

ಕೆಂಪು ಪೆನ್ನು:

ಯಾರೂ ಓದುವುದಿಲ್ಲ ಅಂದಿರಿ. ಹಾಗಾದರೆ ಇವರು ಸೀನಿಯರ್ ಥೀಸಿಸ್ ಇಟ್ಟುಕೊಂಡು ಬರೆದದ್ದು ಹೇಗೆ? ನಿದ್ದೆ ವಿಷಯ ಒಪ್ಪುತ್ತೇನೆ. ಅದಕ್ಕೇ ಹೇಳುವುದು, 84 ಬೇಡ, 40 ಸಾಕು, ಓದಿದ 40.

ಲೈಬ್ರರಿ ಮೂಲೆ:

ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಲೈಬ್ರರಿಯಲ್ಲಿ ಕೆಲಸ. ಮೊದಲು ಸಿಹಿ ಸುದ್ದಿ. ಇಂಡಿಯನ್ ಮೆಡಿಕಲ್ ಗೆಜೆಟ್‌ನ ಹಳೇ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಪಬ್‌ಮೆಡ್ ಸೆಂಟ್ರಲ್ ಅನ್ನುವ ವೈದ್ಯಕೀಯ ಪೇಪರ್‌ಗಳ ಸೈಟಿನಲ್ಲಿ ಹಾಕಿದ್ದಾರೆ. ದುಡ್ಡಿಲ್ಲ, ಪಾಸ್‌ವರ್ಡಿಲ್ಲ. ನೆಲ್ಲೂರಿನ ಪೇಪರ್ ಸಂಪುಟ 72ರಲ್ಲಿದೆ, ಮೂರೇ ಪುಟ. ನಿಮ್ಮ ಸೀನಿಯರ್ ಫೋನಿನಲ್ಲೇ ಓದಬಹುದಿತ್ತು.

ಇನ್ನು ಹುಡುಕುವ ವಿಷಯ. ನಮ್ಮ ಜಿಲ್ಲೆಗಳ ಮೇಲೆ ಕೆಲಸ ಮಾಡುವವರು ಒಂದು ಕಡೆ ಖಂಡಿತ ಎಡವುತ್ತಾರೆ. ಜಗಳೂರು ಈಗ ದಾವಣಗೆರೆ ಜಿಲ್ಲೆ. ಆದರೆ ದಾವಣಗೆರೆ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕೂ ಮೊದಲು ಜಗಳೂರು, ಹರಿಹರ, ದಾವಣಗೆರೆ ಎಲ್ಲ ಚಿತ್ರದುರ್ಗಕ್ಕೆ ಸೇರಿದ್ದವು. ಹಾಗಾಗಿ 1985ರ ಪೇಪರ್ ಒಂದು ‘ಚಿತ್ರದುರ್ಗ ಜಿಲ್ಲೆ’ ಅಂದರೆ ಅದರಲ್ಲಿ ನಿಮ್ಮ ಜಗಳೂರಿನ ಹಳ್ಳಿಯೇ ಇರಬಹುದು. 2010ರ ಪೇಪರ್ ಅದೇ ಮಾತು ಹೇಳಿದರೆ ಇರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಚಿತ್ರದುರ್ಗದಲ್ಲಿ ಫ್ಲೋರೋಸಿಸ್ ಕಡಿಮೆ ಆಗಿದೆ’ ಅಂತ ಬರೆದರೆ ಮುಗಿಯಿತು ಕಥೆ. ಹರಪನಹಳ್ಳಿಯದ್ದಂತೂ ಇನ್ನೂ ಮಜಾ. ಬಳ್ಳಾರಿಯಿಂದ ದಾವಣಗೆರೆಗೆ ಬಂತು, ತಿರುಗಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ. ತಾಲ್ಲೂಕು ಹೆಸರು ಹಾಕಿ ಹುಡುಕಿ, ಜಿಲ್ಲೆ ಹೆಸರನ್ನು ನಂಬಬೇಡಿ.

ಸ್ಪೆಲಿಂಗೂ ಅಷ್ಟೇ. ಇಂಗ್ಲಿಷಿನಲ್ಲಿ ದಾವಣಗೆರೆಯನ್ನು ಕೆಲವರು ‘ದಾವಣ್‌ಗೆರೆ’ ಅನ್ನುವ ಹಾಗೆ ಒಂದು ಅಕ್ಷರ ನುಂಗಿ ಬರೆಯುತ್ತಾರೆ. ಬ್ರಿಟಿಷರ ಕಾಲದ ಬರಹಗಳಲ್ಲಿ ಚಿತ್ರದುರ್ಗ ಅಂದರೆ ಚಿತಲ್‌ಡ್ರೂಗ್. ಎಲ್ಲ ರೂಪಗಳನ್ನೂ ಇಂಗ್ಲಿಷಿನ ‘ಆರ್’ (OR, ‘ಅಥವಾ’) ಅನ್ನುವ ಪದದಿಂದ ಜೋಡಿಸಿ ಹುಡುಕಿ. ರೋಗದ ಹೆಸರೂ ಬದಲಾಗಿದೆ. ಹಳಬರು ಹಲ್ಲಿನ ಫ್ಲೋರೋಸಿಸ್‌ಗೆ ‘ಮಾಟಲ್ಡ್ ಎನಾಮೆಲ್’ ಅನ್ನುತ್ತಿದ್ದರು. ಪೇಪರ್ ಹುಡುಕುವ ಪಬ್‌ಮೆಡ್‌ನಲ್ಲಿ ಮೆಶ್ ಅಂತ ಒಂದು ಪದಪಟ್ಟಿ ಇದೆ, ಒಂದೇ ವಿಷಯಕ್ಕಿರುವ ಹಲವು ಹೆಸರುಗಳನ್ನು ಒಂದು ಹೆಸರಿನ ಕೆಳಗೆ ತರುವುದಕ್ಕೆ ಅದನ್ನು ಮಾಡಿದ್ದು. ಅರ್ಧ ಗಂಟೆ ಅದರ ಜೊತೆ ಕೂತರೆ ಗೂಗಲ್‌ನಲ್ಲಿ ಮೂರು ದಿನ ಅಲೆಯುವುದು ತಪ್ಪುತ್ತದೆ. ಯಾವ ದಿನ, ಎಲ್ಲಿ, ಯಾವ ಪದ ಹಾಕಿ ಹುಡುಕಿದೆ, ಎಷ್ಟು ಸಿಕ್ಕವು, ಇದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಪೂರ್ತಿ ಪೇಪರ್ ಬೇಕೆಂದರೆ, ರಾಜೀವ್ ಗಾಂಧಿ ಆರೋಗ್ಯ ವಿವಿಯ ಕೆಳಗಿರುವ ಕಾಲೇಜಾದರೆ ಅವರ ಡಿಜಿಟಲ್ ಲೈಬ್ರರಿ ಹೆಲಿನೆಟ್ ಇದೆ. ಸರ್ಕಾರಿ ಸಂಸ್ಥೆಯಲ್ಲಿ ಓದುವ ಗೆಳೆಯರಿದ್ದರೆ 2025ರಿಂದ ಅವರಿಗೆ ಜರ್ನಲ್ ಓದಲು ಕೇಂದ್ರ ಸರ್ಕಾರದ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಕೂಡ ಇದೆ. ಅದೂ ಆಗದಿದ್ದರೆ ಲೇಖಕರಿಗೇ ಇಮೇಲ್ ಹಾಕಿ. ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ, ಅವರ ಪೇಪರನ್ನು ಕೇಳಿ ಓದುವವರು ಎಲ್ಲಿದ್ದಾರೆ ಹೇಳಿ.

ಹಲ್ಲು ನೋಡುವವ:

ಡೆಂಟಲ್ ಕಡೆಯಿಂದ ಒಂದು ಮಾತು. ಪೇಪರ್ ಸಿಕ್ಕ ಮೇಲೆ ನೇರ ಶೇಕಡಾವಾರಿಗೆ ಹಾರಬೇಡಿ, ಮೆಥಡ್ಸ್ (ಅಧ್ಯಯನ ಮಾಡಿದ ವಿಧಾನ) ಓದಿ. ಯಾವ ಅಳತೆ ಬಳಸಿದ್ದಾರೆ? ಡೀನ್ ಅವರ 1942ರ ಇಂಡೆಕ್ಸಾ, 1978ರಲ್ಲಿ ಬಂದ ಥೈಲ್‌ಸ್ಟ್ರಪ್–ಫೆಜರ್‌ಸ್ಕಾವ್ ಇಂಡೆಕ್ಸಾ? ಡೀನ್ ಇಂಡೆಕ್ಸ್‌ನಲ್ಲಿ ‘ಕ್ವೆಶ್ಚನಬಲ್’ ಅಂತ ಒಂದು ಮೆಟ್ಟಿಲಿದೆ, ಹಲ್ಲು ಸರಿ ಇದೆ ಅನ್ನುವುದಕ್ಕೂ ಆಗದ, ರೋಗ ಅನ್ನುವುದಕ್ಕೂ ಆಗದ ಮಕ್ಕಳು ಅದರಲ್ಲಿ ಬೀಳುತ್ತಾರೆ. ಒಬ್ಬರು ಅವರನ್ನು ರೋಗಿಗಳ ಲೆಕ್ಕಕ್ಕೆ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅದೇ ಊರು, ಅದೇ ಮಕ್ಕಳು, ಎರಡು ಬೇರೆ ಸಂಖ್ಯೆ. ಅಬ್‌ಸ್ಟ್ರಾಕ್ಟ್ ಮಾತ್ರ ಓದಿದವನಿಗೆ ಇದು ಕಾಣುವುದೇ ಇಲ್ಲ.

ಮತ್ತೆ ದಯವಿಟ್ಟು ‘ಇಂಥವರು ಇಷ್ಟು ಶೇಕಡಾ ಕಂಡರು, ಅಂಥವರು ಅಷ್ಟು ಕಂಡರು’ ಅಂತ ಸಂತೆಯ ಮೆಣಸಿನಕಾಯಿ ರಾಶಿ ಹಾಗೆ ಸಾಲಾಗಿ ಸುರಿಯಬೇಡಿ. ಒಂದೇ ಇಂಡೆಕ್ಸ್ ಬಳಸಿದವರನ್ನು ಒಟ್ಟಿಗೆ ತನ್ನಿ, ನೀರಿನ ಫ್ಲೋರೈಡ್ ಮಟ್ಟ ಹತ್ತಿರ ಇರುವವರನ್ನು ಒಟ್ಟಿಗೆ ತನ್ನಿ, ಯಾಕೆ ವ್ಯತ್ಯಾಸ ಬಂತು ಅಂತ ನೀವೇ ಮಾತಾಡಿ. ನೀರಿನ ಮಿತಿ ಬರೆಯುವಾಗಲೂ ಯಾವುದೋ ಪೇಪರ್‌ಗೆ ನಂಬರ್ ಕೊಡಬೇಡಿ. ಲೀಟರಿಗೆ 1.5 ಮಿಲಿಗ್ರಾಂ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 1.0 ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತದೆ. ಆ ದಾಖಲೆಗಳನ್ನೇ ತೆರೆದು ನೋಡಿ ಹಾಕಿ.

ದುರ್ಗದ ಬಂಡೆ:

ನನ್ನದು ಇತಿಹಾಸ, ಸುಮ್ನೆ ಓದುತ್ತಿದ್ದೆ. ನಮ್ಮಲ್ಲೂ ಇದೇ ಗೋಳು. ಚಿತ್ರದುರ್ಗದ ಚಂದ್ರವಳ್ಳಿಯ ಮಯೂರಶರ್ಮನ ಬಂಡೆ ಶಾಸನವನ್ನು ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಓದಿದ್ದರಲ್ಲಿ ಅವನು ಸೋಲಿಸಿದ ರಾಜರ ದೊಡ್ಡ ಪಟ್ಟಿ ಇತ್ತು. ಆಮೇಲಿನ ವಿದ್ವಾಂಸರು ಆ ಓದನ್ನು ಒಪ್ಪಲಿಲ್ಲ. ಆದರೂ ಆ ಪಟ್ಟಿ ಇವತ್ತಿಗೂ ಪರೀಕ್ಷೆಯ ಗೈಡ್ ಪುಸ್ತಕಗಳಲ್ಲಿ ಓಡಾಡುತ್ತಿದೆ. ಬಂಡೆ ಅಲ್ಲೇ ಇದೆ, ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋಗಬಹುದು!

ಕೀಲಿಮಣೆ:

ಎಐ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಕೊಟ್ಟ 20ರಲ್ಲಿ ಒಂದೊಂದರ ಡಿಒಐ ನಂಬರನ್ನೂ (ಪ್ರತಿ ಪೇಪರ್‌ಗೆ ಕೊಡುವ ಗುರುತಿನ ಸಂಖ್ಯೆ) ಡಿಒಐ ಸೈಟಿನಲ್ಲಿ ಹಾಕಿ ನೋಡಿ. ಕೆಲವು ತೆರೆಯುವುದೇ ಇಲ್ಲ, ಕೆಲವು ಬೇರೆ ಯಾವುದೋ ಪೇಪರ್‌ಗೆ ಹೋಗುತ್ತವೆ. ಜರ್ನಲ್ ಹೆಸರು ನಿಜ, ಲೇಖಕರ ಹೆಸರು ನಿಜ, ಪೇಪರ್ ಮಾತ್ರ ಹುಟ್ಟೇ ಇಲ್ಲ. ನಾನೂ ಒಮ್ಮೆ ಮೋಸ ಹೋಗಿದ್ದೇನೆ.

ರೆಫರೆನ್ಸ್ ಜೋಡಿಸಿಡುವ ಜೋಟೆರೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ವ್ಯಾಂಕೂವರ್ ಶೈಲಿಯ ರೆಫರೆನ್ಸ್ ನಂಬರ್‌ಗಳನ್ನು ಅದೇ ನೋಡಿಕೊಳ್ಳುತ್ತದೆ. ನಡುವೆ ಒಂದು ಪ್ಯಾರಾ ಸೇರಿಸಿದರೆ 84 ನಂಬರ್ ಕೈಯಲ್ಲಿ ತಿದ್ದುವ ಕರ್ಮ ಇಲ್ಲ. ತಪ್ಪೆಂದು ಜರ್ನಲ್ ವಾಪಸ್ ಪಡೆದ ಪೇಪರ್ ಇದ್ದರೆ ಎಚ್ಚರಿಕೆಯನ್ನೂ ಕೊಡುತ್ತದೆ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್‌ನ 1998ರ ಪೇಪರನ್ನು ಲ್ಯಾನ್ಸೆಟ್ 2010ರಲ್ಲಿ ಪೂರ್ತಿ ವಾಪಸ್ ಪಡೆಯಿತು, ನಡುವೆ 12 ವರ್ಷ ಎಷ್ಟು ಜನ ಅದನ್ನು ನಂಬಿದರು ಯೋಚಿಸಿ. ಆದರೆ ಜೋಟೆರೋ ಎಳೆದುಕೊಂಡ ಹೆಸರು, ಪುಟ ಸಂಖ್ಯೆಗಳನ್ನು ಒಮ್ಮೆ ಕಣ್ಣಿಂದ ನೋಡಿ. ನಮ್ಮ ಕಡೆಯವರ ಇನಿಷಿಯಲ್ಲು, ಊರ ಹೆಸರು, ಅಪ್ಪನ ಹೆಸರು ಎಲ್ಲ ಅದಕ್ಕೆ ಕಲಸುಮೇಲೋಗರ.

ನಿದ್ದೆಗೆಟ್ಟ ಪಿಜಿ:

ಎಲ್ಲರಿಗೂ ಥ್ಯಾಂಕ್ಸ್. ಗೆಜೆಟ್ ಪೇಪರ್ ಸಿಕ್ಕಿತು, ತಲೆಬರಹದಲ್ಲೇ ನೆಲ್ಲೂರು ಅಂತಿದೆ, ನಾಚಿಕೆಯಾಯಿತು. ಎಐ ಕೊಟ್ಟ 20ರಲ್ಲಿ 13 ಎಲ್ಲೂ ಇಲ್ಲ. 84ನ್ನು 46ಕ್ಕೆ ಇಳಿಸಿದ್ದೇನೆ, ಇನ್ನೂ 11 ಓದಬೇಕು. ಗೈಡ್ ಹತ್ತಿರ ಒಂದು ವಾರದ ಟೈಮ್ ಕೇಳಿಕೊಂಡೆ, ‘ಹತ್ತು ದಿನ ತಗೋ’ ಅಂದರು.

ಒಂದು ಡೌಟು ಉಳಿದಿದೆ. ಸೀನಿಯರ್ ಥೀಸಿಸ್ ಕಪಾಟಿನಲ್ಲೇ ಇದೆಯಲ್ಲ, ಈ ವರ್ಷ ಬಂದ ಜೂನಿಯರ್ ಒಬ್ಬಳು ನಿನ್ನೆ ಅದನ್ನೇ ಇಶ್ಯೂ ಮಾಡಿಸಿಕೊಂಡಿದ್ದಾಳೆ. ಹೇಳಬೇಕಾ? ಸೀನಿಯರ್‌ಗೆ ಬೇಜಾರಾಗಬಹುದು.

ಲೈಬ್ರರಿ ಮೂಲೆ:

ಸೀನಿಯರ್ ಹೆಸರು ಎತ್ತಬೇಡಿ. ಗೆಜೆಟ್ ಪೇಪರ್‌ನ ಲಿಂಕ್ ಅವಳಿಗೆ ವಾಟ್ಸಾಪ್ ಮಾಡಿ. ಇವತ್ತೇ.